ಮೊರ ತೌಡಿಗೆ ಕೊಟ್ಟ ಮಗ

ಗಾಳೆಪ್ಪ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಮೂಟೆ ಹೊರುವ ಕೆಲಸ. ಮಾತು ಕಮ್ಮಿ. ಆಡಿದ ಮಾತನ್ನು ವಾಪಸು ತೆಗೆದುಕೊಂಡವನಲ್ಲ. ಒಂದು ಸಲ ಮಿಲ್ಲಿನ ಮಾಲಕ ಹಮಾಲರು ಮೂಟೆಯ ಮೇಲೆ ಕೂಡಬಾರದು ಅಂದ. ಗಾಳೆಪ್ಪ ಅವನ ಎದುರಿಗೇ ಕೂತ. ದಿನಾ ಮೂಟೆ ನಮ್ಮ ಮೇಲೆ ಕೂಡುತ್ತದೆ, ಅದಕ್ಕೆ ನೀವು ಏನೂ ಅನ್ನುವುದಿಲ್ಲವಲ್ಲ ಅಂದ. ಮಾಲಕ ಎರಡು ದಿನ ಕೆಲಸ ಕೊಡಲಿಲ್ಲ. ಮೂರನೇ ದಿನ ಲಾರಿಗಳು ಬಂದು ಸಾಲಾಗಿ ನಿಂತವು, ಆಳು ಸಾಲಲಿಲ್ಲ, ಹೇಳಿ ಕಳಿಸಿದ. ಗಾಳೆಪ್ಪ ಹೋದ. ಮೊದಲು ಮೂಟೆಯ ಮೇಲೆ ಕೂತು ಒಂದು ಬೀಡಿ ಸೇದಿದ. ಆಮೇಲೆ ಎದ್ದು ಹೆಗಲು ಕೊಟ್ಟ.

ಅವನ ಹೆಂಡತಿ ಪಾರಮ್ಮ, ಕುರುಗೋಡಿನವಳು. ಗಾಳೆಪ್ಪನ ಸ್ವಂತ ಅಕ್ಕ ವಿರೂಪಮ್ಮನ ಮಗಳು. ಹುಟ್ಟಿದಾಗಿನಿಂದ ಅವನನ್ನು ಮಾವ ಅಂತ ಕರೆದವಳು, ತಾಳಿ ಕಟ್ಟಿಸಿಕೊಂಡ ಮೇಲೂ ಮಾವ ಅಂತಲೇ ಕರೆದಳು. ಎರಡನೇ ಇಯತ್ತೆ ಓದಿದ್ದಳು. ತನ್ನ ಹೆಸರು ಬರೆಯುತ್ತಿದ್ದಳು. ಬಸ್ಸಿನ ಬೋರ್ಡು ಓದುತ್ತಿದ್ದಳು. ಅಷ್ಟು ಸಾಕಾಗಿತ್ತು.

ಮೊದಲು ಎಲ್ಲಮ್ಮ ಹುಟ್ಟಿದಳು. ಗಟ್ಟಿ ಹುಡುಗಿ. ಅವಳ ಬೆನ್ನಿಗೆ ಎರಡು ಗಂಡು ಹುಟ್ಟಿದವು. ಒಂದು ಆರು ತಿಂಗಳು ಇತ್ತು, ಒಂದು ಐದು ತಿಂಗಳು. ಎರಡೂ ಒಂದೇ ತರ ಹೋದವು. ನಾಲಿಗೆಯ ಮೇಲೆ ಮೊಸರು ಹಚ್ಚಿದ ಹಾಗೆ ಬೆಳ್ಳಗೆ ಆಗುತ್ತಿತ್ತು, ಒರೆಸಿದರೆ ಹೋಗುತ್ತಿರಲಿಲ್ಲ. ಹೊಟ್ಟೆ ನಿಲ್ಲುತ್ತಿರಲಿಲ್ಲ. ಕೆಮ್ಮು ಬರುತ್ತಿತ್ತು, ಬಂದದ್ದು ಹೋಗುತ್ತಿರಲಿಲ್ಲ. ತೊಡೆಯ ಚರ್ಮ ಜೋಲುತ್ತಿತ್ತು. ಪಾರಮ್ಮನ ಎದೆಯಲ್ಲಿ ಹಾಲು ತುಂಬಿ ಸೋರುತ್ತಿದ್ದಾಗಲೇ ಕೂಸಿಗೆ ಮಣ್ಣು ಮಾಡಿ ಬಂದಿದ್ದರು.

ಕುರುಗೋಡಿನಲ್ಲಿ ಕಾರಣ ಹುಡುಕಿದರು. ಎಲ್ಲಮ್ಮನ ಬೆನ್ನಿನ ಮೇಲೆ ಒಂದು ಸುಳಿ ಇತ್ತು. ಬೆನ್ನಿನ ಸುಳಿ ಬೆನ್ನಿಗೆ ಬಿದ್ದವರನ್ನು ತಿನ್ನುತ್ತದೆ ಅಂದರು. ವಿರೂಪಮ್ಮ ಮೊಮ್ಮಗಳನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು ಕುಡುಗೋಲನ್ನು ಒಲೆಯಲ್ಲಿ ಕಾಯಿಸಲಿಕ್ಕೆ ಇಟ್ಟಳು. ಸುಳಿಗೆ ಬರೆ ಕೊಟ್ಟರೆ ದೋಷ ಸುಟ್ಟು ಹೋಗುತ್ತದಂತೆ. ಗಾಳೆಪ್ಪ ಒಳಗೆ ಬಂದ. ಕುಡುಗೋಲನ್ನು ಬಟ್ಟೆಯಲ್ಲಿ ಹಿಡಿದು ಎತ್ತಿಕೊಂಡು ಹೋಗಿ ಕಾಲುವೆಗೆ ಒಗೆದು ಬಂದ. ಆ ವರ್ಷ ವಿರೂಪಮ್ಮ ಹೊಲಕ್ಕೆ ಬೇರೆ ಕುಡುಗೋಲು ಕೊಳ್ಳಬೇಕಾಯಿತು.

ವಿರೂಪಮ್ಮನಿಗೂ ಮೂರು ಗಂಡುಕೂಸು ಮೊಲೆ ಕುಡಿಯುವಾಗಲೇ ಹೋಗಿದ್ದವು. ಹೆಣ್ಣು ಮಾತ್ರ ಉಳಿದಿದ್ದವು. ಅದನ್ನೂ ಇದನ್ನೂ ಯಾರೂ ಜೋಡಿಸಿ ನೋಡಲಿಲ್ಲ. ಕೂಸು ಸಾಯುವುದು ಆಗ ದೊಡ್ಡ ಸುದ್ದಿ ಆಗಿರಲಿಲ್ಲ.

ಎಂಬತ್ತೇಳನೇ ಇಸವಿ ಸಂಕ್ರಾಂತಿ ಮುಗಿದ ವಾರ ಪಾರಮ್ಮನಿಗೆ ಮತ್ತೆ ಗಂಡು ಹುಟ್ಟಿತು. ಈ ಸಲ ವಿರೂಪಮ್ಮ ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಇಡುತ್ತಾರೆ. ಮಕ್ಕಳು ಉಳಿದ ತಾಯಿ ಒಬ್ಬಳು ಬಂದು ಮೊರ ತೌಡು ಕೊಟ್ಟು ಕೊಳ್ಳುತ್ತಾಳೆ. ಆವತ್ತಿನಿಂದ ಕೂಸು ಅವಳದ್ದು. ಹೆತ್ತವಳು ಹಾಲು ಕೊಡಬಹುದು, ಎತ್ತಿಕೊಳ್ಳಬಹುದು. ಆದರೆ ಬಾಯಿಬಿಟ್ಟು ನನ್ನ ಮಗ ಅನ್ನಬಾರದು. ಹಾಗೆ ಅಂದರೆ ಆ ಮನೆಯ ದಾರಿ ಗೊತ್ತಿರುವ ಸಾವು ಕೇಳಿಸಿಕೊಳ್ಳುತ್ತದೆ. ಜವಳ ತೆಗೆಸುವ ದಿನ ತೌಡು ವಾಪಸು ಕೊಟ್ಟು, ಕೊಂಡವಳಿಗೆ ಸೀರೆ ಉಡಿಸಿ, ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಬಾಯಿ ಕಟ್ಟು.

ಕೊಳ್ಳಲಿಕ್ಕೆ ಬಂದವಳು ಪಕ್ಕದ ಮನೆಯ ಹೊನ್ನೂರಮ್ಮ. ಐದು ಹೆತ್ತಿದ್ದಳು, ಐದೂ ಓಡಾಡುತ್ತಿದ್ದವು. ಮೊರದ ತುಂಬ ತೌಡು ತಂದು ತಿಪ್ಪೆಯ ಪಕ್ಕ ಸುರಿದಳು. ತೌಡನ್ನು ಹಿಂದಿನ ದಿನ ಮಿಲ್ಲಿನಿಂದ ಅವಳಿಗೆ ತಂದುಕೊಟ್ಟಿದ್ದವನು ಗಾಳೆಪ್ಪನೇ.

“ತೌಡು ಹೊತ್ತು ತಂದಾವ ನಾನು, ಹುಡುಗ ನಂದು” ಅಂದ ಗಾಳೆಪ್ಪ. “ಮತ್ತ ಕೊಳ್ಳಾಕಿ ನೀ ಹೆಂಗ ಆದೆವ್ವಾ?”

“ಬಾಯಿ ಮುಚ್ಚಣ್ಣೋ. ನಂದು ಅಂತ ಇನ್ನೊಂದ್ಸಲ ಅಂದ್ರ ಈ ತೌಡು ನಿನ್ನ ಬಾಯಾಗ ತುಂಬ್ತೀನಿ” ಅಂದಳು ಹೊನ್ನೂರಮ್ಮ.

ಎಲ್ಲರೂ ನಕ್ಕರು. ಪಾರಮ್ಮ ನಗಲಿಲ್ಲ. ಅವತ್ತು ಸಂಜೆ ಗಂಡನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು, ಇನ್ನು ನನ್ನ ಮಗ ಅನ್ನುವುದಿಲ್ಲ ಅಂತ ಆಣೆ ಮಾಡಿಸಿದಳು. ಅವನಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆದರೂ ಅವಳಿಗಾಗಿ ಆಣೆ ಮಾಡಿದ. ಕೂಸಿಗೆ ತಿಪ್ಪಣ್ಣ ಅಂತ ಹೆಸರಾಯಿತು.

ಮೂರನೇ ತಿಂಗಳಲ್ಲಿ ಬಾಯಿ ಬೆಳ್ಳಗಾಯಿತು.

ಪಾರಮ್ಮ ಅದನ್ನು ಯಾರಿಗೂ ಹೇಳದೆ ಎರಡು ದಿನ ಸೆರಗಿನ ತುದಿಯಿಂದ ಒರೆಸಿದಳು. ಹೋಗಲಿಲ್ಲ. ಹುಟ್ಟಿದಾಗ ತೋಳಿಗೆ ಹಾಕಿಸುವ ಸೂಜಿಯ ಜಾಗ ಎಲ್ಲ ಮಕ್ಕಳಿಗೂ ಒಂದು ಕಾಳಿನಷ್ಟು ಬಾತು ಒಣಗುತ್ತದೆ. ತಿಪ್ಪಣ್ಣನಿಗೆ ಅದು ಹುಣ್ಣಾಗಿ ಸೋರಿತು. ಕಂಕುಳಲ್ಲಿ ಗಂಟು ಎದ್ದಿತು. ಗಾಳೆಪ್ಪ ನೋಡಿದ. ಮರುದಿನ ಮೊದಲ ಬಸ್ಸಿಗೆ ಬಳ್ಳಾರಿಗೆ ಹೊರಟರು. ಹೊನ್ನೂರಮ್ಮನೂ ಹೊರಟಳು. ಹೊರಡಲೇಬೇಕಿತ್ತು, ಕೂಸು ಅವಳದ್ದು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ತಾಯಿ ಯಾರು ಅಂತ ಕೇಳಿದ. ನಾನು ಅಂದಳು ಹೊನ್ನೂರಮ್ಮ. ತಂದೆಯ ಹೆಸರು ಕೇಳಿದ. ಹೊನ್ನೂರಮ್ಮ ತನ್ನ ಗಂಡ ಹುಲುಗಪ್ಪನ ಹೆಸರು ಹೇಳಿದಳು. ಹುಲುಗಪ್ಪ ಆಗ ಎತ್ತಿನ ಗಾಡಿಯಲ್ಲಿ ನೆಲ್ಲು ಹೇರಿಕೊಂಡು ಸಿರಿಗೇರಿಯ ದಾರಿಯಲ್ಲಿದ್ದ. ತನಗೆ ಬಳ್ಳಾರಿಯಲ್ಲಿ ಇನ್ನೊಬ್ಬ ಮಗ ದಾಖಲಾದದ್ದು ಅವನಿಗೆ ಮೂರು ದಿನ ಗೊತ್ತಿರಲಿಲ್ಲ.

ಒಬ್ಬ ಡಾಕ್ಟ್ರಮ್ಮ ಇದ್ದಳು, ಸಣ್ಣ ವಯಸ್ಸು. ಹಿಂದೆ ಮಕ್ಕಳು ಸತ್ತಿವೆಯಾ ಅಂತ ಕೇಳಿದಳು. ಐದು ಹೆತ್ತೀನಿ, ಐದೂ ಗುಂಡುಕಲ್ಲು ಇದ್ದಂಗ ಅದಾವ ಅಂದಳು ಹೊನ್ನೂರಮ್ಮ. ಸುಳ್ಳು ಹೇಳುತ್ತಿದ್ದೇನೆ ಅಂತ ಅವಳಿಗೆ ಅನಿಸಿರಲಿಲ್ಲ. ಕೊಂಡ ಮೇಲೆ ಅದು ಅವಳ ಮನೆಯ ಕೂಸು, ಅವಳ ಮನೆಯಲ್ಲಿ ಯಾರೂ ಸತ್ತಿಲ್ಲ. ಪಾರಮ್ಮ ಗೋಡೆಗೆ ಒರಗಿ ಕೂತು ಹಾಲು ಕೊಡುತ್ತಿದ್ದಳು. ಈಕಿ ಯಾರು ಅಂತ ನರ್ಸ್ ಕೇಳಿದಳು. ಚಿಕ್ಕಿ ಅಂದಳು ಹೊನ್ನೂರಮ್ಮ, ನನಗ ಹಾಲು ಬತ್ತೈತಿ ಅಂದಳು. ಪಾರಮ್ಮ ತಲೆ ಎತ್ತಲಿಲ್ಲ.

ಡಾಕ್ಟ್ರಮ್ಮ ಹೊಟ್ಟೆಗೆ ಔಷಧಿ ಕೊಟ್ಟಳು, ಬಾಯಿಗೆ ನೀಲಿ ಬಣ್ಣದ ನೀರು ಹಚ್ಚಿದಳು. ತಾಯಿಗೆ ಹಾಲಿಲ್ಲ, ಕೂಸಿಗೆ ಸಾಲುತ್ತಿಲ್ಲ, ಅದಕ್ಕೇ ಸೊರಗಿದೆ ಅಂತ ಬರೆದಳು. ಹತ್ತು ದಿನಕ್ಕೆ ಕಳಿಸಿದಳು. ಹದಿನೈದು ದಿನಕ್ಕೆ ಮತ್ತೆ ಬಂದರು. ಮತ್ತೆ ಕಳಿಸಿದಳು. ಮೂರನೇ ಸಲ ಬಂದಾಗ ಅವಳು ಕೂಸಿನ ರಕ್ತವನ್ನು ಬೇರೆಯವರಿಗೆ ಕೊಡದೆ ತಾನೇ ಕೂತು ನೋಡಿದಳು. ಹೊರಗೆ ಬಂದು ಗಾಳೆಪ್ಪನನ್ನೇ ಕರೆದಳು. ಮನೆಯಲ್ಲಿ ಮಾತು ಕೇಳುವವನು ಇವನು ಅಂತ ಅವಳಿಗೆ ಹೇಗೋ ಗೊತ್ತಾಗಿತ್ತು.

ಮೈಗೆ ಬರುವ ರೋಗವನ್ನು ಹೊಡೆಯಲಿಕ್ಕೆ ರಕ್ತದಲ್ಲಿ ಬಿಳಿಯವು ಇರುತ್ತವೆ, ಇವನಿಗೆ ಅವು ಹುಟ್ಟೇ ಇಲ್ಲ ಅಂದಳು. ಅವು ಹುಟ್ಟುವುದು ಎಲುಬಿನ ಒಳಗಿನ ಮಜ್ಜೆಯಲ್ಲಿ. ಔಷಧಿ ಕೊಟ್ಟರೆ ಇವತ್ತಿನ ಜ್ವರ ಇಳಿಯುತ್ತದೆ, ನಾಳೆ ಇನ್ನೊಂದು ಬರುತ್ತದೆ. ಒಂದೇ ದಾರಿ. ಒಡಹುಟ್ಟಿದವರಲ್ಲಿ ಯಾರದಾದರೂ ಮಜ್ಜೆ ಇವನಿಗೆ ಕೂಡಿ ಬಂದರೆ, ಅದನ್ನು ತೆಗೆದು ಇವನಿಗೆ ಏರಿಸಬೇಕು. ಇಲ್ಲಿ ಆಗುವುದಿಲ್ಲ, ಮದರಾಸಿನ ಕಡೆ ಒಂದು ದೊಡ್ಡಾಸ್ಪತ್ರೆ ಇದೆ, ಅಲ್ಲಿ ಈಗೀಗ ಶುರು ಮಾಡಿದ್ದಾರೆ, ಕಾಗದ ಕೊಡುತ್ತೇನೆ ಅಂದಳು. ಬದುಕುತ್ತಾನೆ ಅಂತ ನಾನು ಮಾತು ಕೊಡುವುದಿಲ್ಲ ಅಂತಲೂ ಅಂದಳು.

“ಒಂದು ಮಡ್ಯಾಗಿನ ಸಸಿ ಕಿತ್ತು ಇನ್ನೊಂದು ಗದ್ದಿಗೆ ನಾಟಿ ಹಚ್ಚಿದಂಗ ಏನ್ರಿ?” ಅಂದ ಗಾಳೆಪ್ಪ.

“ಹಂಗೇ. ಆದ್ರೆ ಗದ್ದೆ ಒಪ್ಪಬೇಕು” ಅಂದಳು ಡಾಕ್ಟ್ರಮ್ಮ. ಒಡಹುಟ್ಟಿದವರನ್ನೆಲ್ಲ ಕರೆದುಕೊಂಡು ಹೋಗಿ ಅಂದಳು.

ಹೊನ್ನೂರಮ್ಮ ಐದೂ ಮಕ್ಕಳಿಗೆ ತಲೆ ಬಾಚಿ ಹೊರಡಿಸಿದಳು.

ದುಡ್ಡಿನ ಮಾತು ಇಲ್ಲಿ ಬೇಡ. ಹಮಾಲರು ಸೇರಿ ಮಾಡಿದರು. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿದರು. ಹೊನ್ನೂರಮ್ಮನ ಮಕ್ಕಳು ಮೊದಲ ಸಲ ರೈಲು ನೋಡಿದ್ದವು. ಒಬ್ಬನನ್ನು ಬಾಗಿಲಿನಿಂದ ಎಳೆದು ಕೂಡಿಸಿದರೆ ಇನ್ನೊಬ್ಬ ಕಿಟಕಿಗೆ ಜೋತು ಬೀಳುತ್ತಿದ್ದ. ಪಾರಮ್ಮ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ಎಲ್ಲಮ್ಮ ಕುರುಗೋಡಿನಲ್ಲಿ ಅಜ್ಜಿಯ ಹತ್ತಿರ ಇದ್ದಳು. ಅವಳಿಗೂ ಇದಕ್ಕೂ ಸಂಬಂಧ ಇದೆ ಅಂತ ಬಾಯಿಬಿಡುವವರು ಯಾರೂ ಇರಲಿಲ್ಲ. ಗುಂತಕಲ್ಲು ದಾಟಿದ ಮೇಲೆ ಗಾಳೆಪ್ಪ ಒಂದು ಸಲ, ಪಾರೀ, ಎಲ್ಲಮ್ಮನ್ನ ಕರಕೊಂಡು ಬರಬೇಕಿತ್ತು ಅಂದ. ಪಾರಮ್ಮ ಅವನ ಮುಖ ನೋಡಿದಳು. ಅವನು ಕಿಟಕಿಗೆ ಜೋತು ಬಿದ್ದಿದ್ದ ಹುಡುಗನನ್ನು ಎಳೆದು ಕೂಡಿಸಿದ. ಆಣೆ ಇತ್ತು.

ಆ ಊರಿನಲ್ಲಿ ತಮಿಳು. ಡಾಕ್ಟರಿಗೆ ತೆಲುಗು ಬರುತ್ತಿತ್ತು, ಇವರಿಗೂ ಬರುತ್ತಿತ್ತು. ತಿಪ್ಪಣ್ಣನನ್ನು ಗಾಜಿನ ಬಾಗಿಲಿನ ಒಂದು ಕೋಣೆಯಲ್ಲಿ ಇಟ್ಟರು. ಒಳಗೆ ಹೋಗುವವರು ಕೈ ತೊಳೆದು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೋಗಬೇಕು. ಐದೂ ಮಕ್ಕಳ ರಕ್ತ ತೆಗೆದರು. ಕೊನೆಯವನು ಸೂಜಿ ನೋಡಿ ಮಂಚದ ಕೆಳಗೆ ಹೊಕ್ಕ. ಹೊನ್ನೂರಮ್ಮ ಅವನ ಕಾಲು ಹಿಡಿದು ಎಳೆದಳು. ನಿನ್ನ ತಮ್ಮಗ ಕೊಡೋದೋ, ಕೈ ಕೊಡು ಅಂತ ಬೈದಳು. ನಿಜವಾಗಿ ಹಾಗೇ ನಂಬಿದ್ದಳು. ಅವಳ ಮಕ್ಕಳ ಗಟ್ಟಿ ರಕ್ತದಲ್ಲಿ ಯಾವುದಾದರೂ ಒಂದು ಕೂಡಿಯೇ ಕೂಡುತ್ತದೆ ಅಂದುಕೊಂಡಿದ್ದಳು.

ಒಂಬತ್ತು ದಿನ ಕಾದರು. ಈ ಒಂಬತ್ತು ದಿನದಲ್ಲಿ ತಿಪ್ಪಣ್ಣನಿಗೆ ಎದೆ ಕಟ್ಟಿತು. ಮೂಗಿಗೆ ನಳಿಕೆ ಬಂತು. ಅಳಲಿಕ್ಕೆ ಶಕ್ತಿ ಇರಲಿಲ್ಲ, ಬಾಯಿ ತೆರೆಯುತ್ತಿದ್ದ, ಸದ್ದು ಬರುತ್ತಿರಲಿಲ್ಲ. ಮುಂಚಿನ ಎರಡೂ ಕೂಸು ಕೊನೆಗೆ ಹೀಗೇ ಮಾಡಿದ್ದವು. ಪಾರಮ್ಮನಿಗೆ ಗೊತ್ತಿತ್ತು. ಗಾಳೆಪ್ಪನಿಗೂ ಗೊತ್ತಿತ್ತು.

ಹತ್ತನೇ ದಿನ ಡಾಕ್ಟರು ಎಲ್ಲರನ್ನೂ ಗಾಜಿನ ಕೋಣೆಯ ಹೊರಗಿನ ಮೇಜಿನ ಹತ್ತಿರ ಕರೆದರು. ವಯಸ್ಸಾದವರು. ಕಾಗದ ಮುಂದೆ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಐದರಲ್ಲಿ ಒಂದೂ ಕೂಡುವುದಿಲ್ಲ ಅಂದರು. ಅರ್ಧವೂ ಕೂಡುವುದಿಲ್ಲ, ಒಂದು ಹೊಟ್ಟೆಯವರ ಹಾಗೆ ಕಾಣುವುದೇ ಇಲ್ಲ ಅಂತ ಹೊನ್ನೂರಮ್ಮನ ಮುಖ ನೋಡಿದರು. ಹೊನ್ನೂರಮ್ಮ ಸೆರಗು ಸರಿ ಮಾಡಿಕೊಂಡಳು. ಬೇರೆ ಮಕ್ಕಳು ಇದ್ದರೆ ಹೇಳಿ, ಇಲ್ಲದಿದ್ದರೆ ಮನೆಗೆ ಕರೆದುಕೊಂಡು ಹೋಗಿ, ನಾವು ಮಾಡುವುದು ಏನೂ ಇಲ್ಲ ಅಂದರು ಡಾಕ್ಟರು.

ಪಾರಮ್ಮ ಆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಹಾಲು ಕೊಡಲಿಕ್ಕೆ ಅಂತ ಕೂಸನ್ನು ಅವಳ ಕೈಗೆ ಕೊಟ್ಟಿದ್ದರು. ಗಾಳೆಪ್ಪ ಅವಳ ಕಡೆ ತಿರುಗಿದ. ಬೇಡ ಅಂತ ಅವಳು ತಲೆ ಅಲ್ಲಾಡಿಸಿದಳು. ಅವನು ಇನ್ನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಡಾಕ್ಟರ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದ. ಹೇಳಿ ಮುಗಿಸಿ, ಮತ್ತೆ ಪಾರಮ್ಮನಿಗೆ ಅವಳ ಮಾತಿನಲ್ಲೇ ಕೇಳಲಿ ಅಂತ ಅದನ್ನೇ ಕನ್ನಡದಲ್ಲಿ ಹೇಳಿದ.

“ಇವನು ನನ್ನ ಮಗ. ಹೆತ್ತಾಕಿ ಬಾಗಿಲಾಗ ನಿಂತಾಳ. ಆಕಿ ಮುಂಚೆ ಎರಡು ಗಂಡು ಹೆತ್ತಾಳ, ಎರಡಕ್ಕೂ ನಾನೇ ಮಣ್ಣು ಹಾಕೀನಿ. ಒಬ್ಬಾಕಿ ಮಗಳು ಅದಾಳ. ಆಕಿ ರಗತ ನೋಡ್ರಿ.”

ಪಾರಮ್ಮ ಸೆರಗಿನಿಂದ ಕೂಸಿನ ಎರಡೂ ಕಿವಿ ಮುಚ್ಚಿದಳು. ಆ ಹೊತ್ತಿಗೆ ಅವಳಿಗೆ ಮಾಡಲಿಕ್ಕೆ ತೋಚಿದ್ದು ಅದೊಂದೇ.

ಹೊನ್ನೂರಮ್ಮ ಅಳತೊಡಗಿದಳು. ನಾ ಕೊಂಡೀನಲ್ಲೋ ಅಣ್ಣ, ನಂದು ಅಂತನೇ ತಿಳಕೊಂಡಿದ್ದೆ ಅಂದಳು. ಗಾಳೆಪ್ಪ ಅವಳನ್ನು ಬೈಯಲಿಲ್ಲ. ನಿನ್ನ ತಪ್ಪಿಲ್ಲ, ತೌಡು ತಂದು ಕೊಟ್ಟಾವ ನಾನು ಅಂದ.

ಡಾಕ್ಟರು ಕಾಗದ ಮಡಚಿ ಇಟ್ಟರು. ಮೊದಲಿನಿಂದ ಎಲ್ಲ ಕೇಳಿದರು. ಪಾರಮ್ಮನ ತಾಯಿಗೆ ಗಂಡುಮಕ್ಕಳು ಎಷ್ಟು, ಅವು ಹೇಗೆ ಸತ್ತವು, ಎಲ್ಲ. ಇದು ಹೆಣ್ಣಿನ ಕಡೆಯಿಂದ ಇಳಿದು ಬರುವ ಜಾತಿಯದು ಇರಬೇಕು ಅಂದರು. ಹೆಣ್ಣಿಗೆ ಏನೂ ಆಗುವುದಿಲ್ಲ, ಅವಳು ಹೆತ್ತ ಗಂಡುಮಕ್ಕಳಲ್ಲಿ ಕೆಲವರಿಗೆ ಬರುತ್ತದೆ. ಯಾರೂ ಮಾಡಿದ್ದಲ್ಲ. ಎರಡು ತಿಂಗಳ ಹಿಂದೆ ಇದನ್ನು ಹೇಳಿದ್ದರೆ ಕೂಸು ಇಷ್ಟು ಸೊರಗುತ್ತಿರಲಿಲ್ಲ ಅಂದರು. ಅಷ್ಟೇ. ಹುಡುಗಿಯನ್ನು ಬೇಗ ಕರೆದುಕೊಂಡು ಬಾ ಅಂದರು.

ಗಾಳೆಪ್ಪ ಅವತ್ತೇ ಗಾಡಿ ಹತ್ತಿದ. ಹೊನ್ನೂರಮ್ಮನ ಮಕ್ಕಳನ್ನೂ ಕರೆದುಕೊಂಡು ಹೋದ. ಹೊರಡುವಾಗ ಪಾರಮ್ಮ ಅವನ ಜೊತೆ ಮಾತಾಡಲಿಲ್ಲ. ಆಣೆ ಮುರಿದಿದ್ದ. ಆ ರಾತ್ರಿ ಕೂಸಿಗೆ ಜ್ವರ ಏರಿದಾಗ ಅವಳು ಗಂಡನನ್ನು ಶಪಿಸಿದಳು. ಬೆಳಗಾಗುವ ಹೊತ್ತಿಗೆ ಜ್ವರ ಇಳಿಯಿತು. ಶಾಪವನ್ನು ವಾಪಸು ತೆಗೆದುಕೊಂಡಳು.

ಕುರುಗೋಡಿನಲ್ಲಿ ಏನಾಯಿತು ಅಂತ ಪಾರಮ್ಮನಿಗೆ ಆಮೇಲೆ ಎಲ್ಲಮ್ಮ ಹೇಳಿದಳು. ವಿರೂಪಮ್ಮ ಬಾಗಿಲಿಗೆ ಅಡ್ಡ ನಿಂತಳಂತೆ. ಹೆಣ್ಣು ಹುಡುಗಿಯ ಎಲುಬು ತೂತು ಮಾಡಿಸಿ ತಂದರೆ ಯಾವನು ಕಟ್ಟಿಕೊಳ್ಳುತ್ತಾನೆ, ಹೋಗುವ ಕೂಸಿಗಾಗಿ ಇರುವ ಕೂಸನ್ನು ಹಾಳು ಮಾಡಬೇಡ ಅಂದಳಂತೆ. ಓಣಿಯ ಜನ ಸೇರಿದರು. ಆಣೆ ಮುರಿದದ್ದೂ ಅಷ್ಟರಲ್ಲಿ ಗೊತ್ತಾಗಿತ್ತು. ಹೊನ್ನೂರಮ್ಮನ ಮಕ್ಕಳು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದವು. ಮಗನನ್ನು ಬಾಯಿಂದಲೇ ಕೊಂದ ಅಂತ ಯಾರೋ ಅಂದರು.

ಗಾಳೆಪ್ಪ ಅಕ್ಕನಿಗೆ ಒಂದೇ ಮಾತು ಕೇಳಿದನಂತೆ.

“ಅಕ್ಕಾ, ನಿನ್ನ ಮೂರು ಗಂಡುಮಕ್ಕಳ ನಾಲಿಗಿ ಯಾವ ಬಣ್ಣ ಇತ್ತು?”

ವಿರೂಪಮ್ಮ ಹೊಸ್ತಿಲ ಮೇಲೆಯೇ ಕೂತಳು. ಬೆಳ್ಳಗ ಇತ್ತಪ್ಪಾ ಅಂದಳು. ಆಗ ಎಲ್ಲಮ್ಮ ಎಲ್ಲಿದ್ದಳು, ಅವಳ ಸುಳಿ ಎಲ್ಲಿತ್ತು ಅಂದ ಗಾಳೆಪ್ಪ. ಅಕ್ಕನನ್ನು ದಾಟಿ ಒಳಗೆ ಹೋಗಿ ಮಗಳನ್ನು ಎತ್ತಿಕೊಂಡ.

ಎಲ್ಲಮ್ಮನಿಗೆ ಆಗ ಏಳು ವರ್ಷ. ರೈಲಿನಲ್ಲಿ ಅವಳಿಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದ. ಸೊಂಟದ ಹಿಂದಿನ ಎಲುಬಿಗೆ ಸೂಜಿ ಹಾಕುತ್ತಾರೆ, ನಿದ್ದೆ ಮಾಡಿಸಿರುತ್ತಾರೆ, ಎದ್ದ ಮೇಲೆ ನಾಲ್ಕು ದಿನ ನೋಯುತ್ತದೆ ಅಂದ. ಕೊಟ್ಟರೆ ತಮ್ಮ ಸಾಯಂಗಿಲ್ಲ ಏನಪ್ಪಾ ಅಂತ ಕೇಳಿದಳು ಎಲ್ಲಮ್ಮ. ಗೊತ್ತಿಲ್ಲ, ಕೊಡದಿದ್ರ ಸಾಯ್ತಾನ ಅಂದ. ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಸ್ವಲ್ಪ ಹೊತ್ತಿಗೆ, ಹಂಗಾದ್ರ ಎರಡೂ ಕಡೆ ತಗೊಳ್ಳಿ ಅಂದಳು.

ಕೂಡಿತು. ಎಲ್ಲ ಗುರುತೂ ಕೂಡಿತು. ನಾಲ್ವರು ಒಡಹುಟ್ಟಿದವರಲ್ಲಿ ಒಬ್ಬರದು ಹೀಗೆ ಕೂಡಿದರೆ ಅದೇ ದೊಡ್ಡದು, ನಿಮಗೆ ಇದ್ದದ್ದೇ ಒಬ್ಬಳು, ಅವಳದೇ ಕೂಡಿತು ಅಂದರು ಡಾಕ್ಟರು. ಅಪ್ಪ ಅಮ್ಮ ಇಬ್ಬರೂ ಒಪ್ಪಿ ರುಜು ಮಾಡಬೇಕು ಅಂತ ಕಾಗದ ತಂದರು. ಗಾಳೆಪ್ಪ ಹೆಬ್ಬೆಟ್ಟು ಒತ್ತಿದ. ಕೆಳಗೆ ತಾಯಿ ಅಂತ ಬರೆದಿದ್ದ ಕಡೆ ಪಾರಮ್ಮನಿಗೆ ಬೆರಳು ತೋರಿಸಿದರು. ಅವಳು ಒಂದೊಂದೇ ಅಕ್ಷರ ಬರೆದಳು. ಬರೆದಳು, ಬಾಯಿಂದ ಆಡಲಿಲ್ಲ. ಬರೆದದ್ದು ಕೇಳಿಸುವುದಿಲ್ಲ ಅಂದುಕೊಂಡಳು.

ಬೆಳಿಗ್ಗೆ ಎಲ್ಲಮ್ಮನನ್ನು ಒಳಗೆ ಒಯ್ದರು. ಮಧ್ಯಾಹ್ನ ಒಂದು ಸಣ್ಣ ಚೀಲ ಹೊರಗೆ ಬಂತು. ಕೆಂಪಗಿತ್ತು, ರಕ್ತಕ್ಕಿಂತ ಸ್ವಲ್ಪ ದಪ್ಪ. ಅದನ್ನು ಕೊಕ್ಕೆಗೆ ತೂಗುಹಾಕಿ ತಿಪ್ಪಣ್ಣನ ಕಾಲಿನ ನರಕ್ಕೆ ಬಿಟ್ಟರು. ಕೊಯ್ಯಲಿಲ್ಲ, ಹೊಲಿಯಲಿಲ್ಲ. ಹನಿ ಹನಿ ಇಳಿಯಿತು, ಮುಗಿಯಿತು. ಗಾಜಿನ ಹೊರಗಿನಿಂದ ನೋಡುತ್ತಿದ್ದ ಹೊನ್ನೂರಮ್ಮ, ಇಷ್ಟಕ್ಕ ಇಷ್ಟು ದೂರ ಬಂದಿವಾ ಅಂದಳು. ಅದು ದಾರಿ ಹುಡುಕಿಕೊಂಡು ತಾನೇ ಎಲುಬಿನ ಒಳಗೆ ಹೋಗಿ ಬೇರು ಬಿಡುತ್ತದೆ ಅಂತ ಡಾಕ್ಟರು ಹೇಳಿದರು. ಬಿಟ್ಟರೆ ಬಿಟ್ಟಿತು.

ಎದ್ದ ಮೇಲೆ ಎಲ್ಲಮ್ಮ ಬೋರಲು ಮಲಗಿ ನೋವಿಗೆ ಹಲ್ಲು ಕಚ್ಚಿದಳು. ಪಾರಮ್ಮ ಅವಳ ಬೆನ್ನು ಸವರಿದಳು. ಬಟ್ಟೆಯ ಪಟ್ಟಿಯ ಮೇಲುಗಡೆ ಆ ಸುಳಿ ಇತ್ತು. ಎಷ್ಟೋ ವರ್ಷ ಆ ಸುಳಿಯನ್ನು ನೋಡದ ಹಾಗೆ ಮಗಳಿಗೆ ನೀರು ಹಾಕಿದ್ದಳು. ಅವತ್ತು ಅದರ ಮೇಲೆ ಕೈ ಇಟ್ಟುಕೊಂಡು ಕೂತಳು.

ಹದಿನೈದು ದಿನ ಏನೂ ಆಗಲಿಲ್ಲ. ಆಮೇಲೆ ಮೈ ತುಂಬ ಕೆಂಪು ಗಂಧೆ ಎದ್ದವು. ಸಸಿ ಹೊಸ ಗದ್ದೆಯ ಜೊತೆ ಜಗಳ ಮಾಡುತ್ತಿದೆ ಅಂದರು. ಮತ್ತೆ ಜ್ವರ. ಮತ್ತೆ ಇಳಿಯಿತು. ಒಂದು ದಿನ ಡಾಕ್ಟರು ತಾವೇ ಹೊರಗೆ ಬಂದು ಗಾಳೆಪ್ಪನಿಗೆ ಒಂದು ಚೀಟಿ ತೋರಿಸಿದರು. ಅವನಿಗೆ ಓದಲಿಕ್ಕೆ ಬರುತ್ತಿರಲಿಲ್ಲ. ಅಂಕಿ ದೊಡ್ಡದಾಗಿದೆ ಅಂತ ಗೊತ್ತಾಯಿತು. ಬಿಳಿಯವು ಬಂದಿವೆ, ಎಲ್ಲ ನಿನ್ನ ಮಗಳವು ಅಂದರು. ಗಾಳೆಪ್ಪ ಅಲ್ಲೇ ಬೆಂಚಿನ ಮೇಲೆ ಕೂತ. ನಾಟಿ ಹಿಡೀತು ಪಾರೀ ಅಂದ. ಪಾರಮ್ಮ ಗಾಜಿಗೆ ಹಣೆ ಹಚ್ಚಿದಳು. ಒಳಗೆ ತಿಪ್ಪಣ್ಣ ಅಳುತ್ತಿದ್ದ. ಸದ್ದು ಹೊರಗೆ ಕೇಳುತ್ತಿತ್ತು.

ದಸರೆ ಕಳೆದ ಮೇಲೆ ಸಿರುಗುಪ್ಪಕ್ಕೆ ಬಂದರು. ಓಣಿಯವರು ನೋಡಲಿಕ್ಕೆ ಬಂದರು. ಗಾಳೆಪ್ಪ ಬಾಗಿಲಲ್ಲಿ ಒಂದು ಬಕೆಟ್ಟು, ಸೋಪು ಇಟ್ಟ. ಕೈ ತೊಳೆಯದವರನ್ನು ಒಳಗೆ ಬಿಡಲಿಲ್ಲ. ಮಾಲಕನೇ ಬಂದರೂ ತೊಳೆಸಿದ. ಜವಳದ ದಿನ ವಿರೂಪಮ್ಮ ತೌಡು, ಸೀರೆ ತಂದಳು. ಹೊನ್ನೂರಮ್ಮನಿಗೆ ಕೊಟ್ಟು ಬಿಡಿಸಿಕೋ ಅಂದಳು. ಗಾಳೆಪ್ಪ ಸೀರೆಯನ್ನು ಹೊನ್ನೂರಮ್ಮನಿಗೆ ಕೊಟ್ಟ. ತೌಡನ್ನು ಎಮ್ಮೆಗೆ ಹಾಕಿದ.

“ಮಾರಿದಾವ ಬಿಡಿಸಿಕೋತಾನ” ಅಂದ. “ನಾನು ಮಾರಿಲ್ಲ.”

ಹಾಗಾಗಿ ಬಿಡಿಸಿಕೊಳ್ಳುವ ಶಾಸ್ತ್ರ ಆಗಲೇ ಇಲ್ಲ. ಪಾರಮ್ಮನಿಗೆ ಅದು ಮುಳ್ಳಾಗಿ ಉಳಿಯಿತು. ಶಾಸ್ತ್ರ ಮುಗಿಯದೆ ಬಾಯಿ ಬಿಚ್ಚಲಾರಳು. ತಿಪ್ಪಣ್ಣ ಮಾತು ಕಲಿತ. ಹೊನ್ನೂರಮ್ಮನನ್ನು ಅವ್ವ ಅಂದ. ಪಾರಮ್ಮನನ್ನು ಚಿಕ್ಕಿ ಅಂದ. ಗಾಳೆಪ್ಪ ಸಂಜೆ ಮಿಲ್ಲಿನಿಂದ ಬಂದು ಅವನನ್ನು ಹೆಗಲ ಮೇಲೆ ಕೂಡಿಸಿಕೊಂಡು ಕಾಲುವೆಯವರೆಗೆ ಹೋಗಿ ಬರುತ್ತಿದ್ದ. ಒಂದು ಸಲ ಮಗ ಅನ್ನು ಪಾರೀ, ನಾ ಅಂದು ಎರಡು ವರ್ಷ ಆತು, ಏನಾತು ನೋಡು ಅನ್ನುತ್ತಿದ್ದ. ಇನ್ನೊಂದು ವರ್ಷ ಹೋಗಲಿ ಮಾವ ಅನ್ನುತ್ತಿದ್ದಳು. ಅವನು ಒತ್ತಾಯ ಮಾಡುತ್ತಿರಲಿಲ್ಲ.

ಎಂಬತ್ತೊಂಬತ್ತರ ದೀಪಾವಳಿ ಮುಗಿದು ಸುಗ್ಗಿಯ ನೆಲ್ಲು ಬರತೊಡಗಿತ್ತು. ಮಿಲ್ಲಿನಲ್ಲಿ ಮೂಟೆಯನ್ನು ಚಾವಣಿಯವರೆಗೆ ಒಟ್ಟಿದ್ದರು. ಒಟ್ಟಿದ್ದು ಜಾರಿತು. ಕೆಳಗೆ ಗಾಳೆಪ್ಪ ಇದ್ದ. ಆಸ್ಪತ್ರೆಗೆ ಒಯ್ಯುವ ಕೆಲಸವೂ ಇರಲಿಲ್ಲ.

ಹೆಣವನ್ನು ಮನೆಯ ಮುಂದೆ ಕೂಡಿಸಿದರು. ಕುರುಗೋಡಿನಿಂದ ಜನ ಬಂದರು. ಎತ್ತುವ ಹೊತ್ತಿಗೆ ದಾಯಾದಿ ಹಿರಿಯ ಜಡೆಪ್ಪ ಒಂದು ಮಾತು ತೆಗೆದ. ಮೊದಲ ಹಿಡಿ ಮಣ್ಣು ಹಾಕುವುದು ಮಗ. ಈ ಹುಡುಗ ತೌಡಿಗೆ ಹೋದವನು, ವಾಪಸು ಬಿಡಿಸಿಕೊಂಡಿಲ್ಲ, ಶಾಸ್ತ್ರದಲ್ಲಿ ಇವನು ಹುಲುಗಪ್ಪನ ಮಗ. ಇವನು ಹಾಕಿದ ಮಣ್ಣು ಗಾಳೆಪ್ಪನಿಗೆ ಮುಟ್ಟುವುದಿಲ್ಲ. ನನ್ನ ಮೊಮ್ಮಗ ಹಾಕಲಿ ಅಂದ. ಕೆಲವರು ಹೌದು ಅಂದರು. ಹುಲುಗಪ್ಪ ತಲೆ ಕೆರೆದುಕೊಂಡ. ಹೊನ್ನೂರಮ್ಮ ಏನೋ ಹೇಳಲಿಕ್ಕೆ ಹೋದಳು, ಹೆಂಗಸರ ಮಾತು ಬೇಡ ಅಂದರು.

ಪಾರಮ್ಮ ಗಂಡನ ಕಾಲ ಹತ್ತಿರ ಕೂತಿದ್ದಳು. ಆಗಲೇ ಬಳೆ ಒಡೆದಿದ್ದರು, ಮುಂಗೈಯಲ್ಲಿ ರಕ್ತ ಇತ್ತು. ತಿಪ್ಪಣ್ಣ ಎಲ್ಲಮ್ಮನ ಸೊಂಟದ ಮೇಲೆ ಇದ್ದ, ಅಪ್ಪನಿಗೆ ಹೂವು ಯಾಕೆ ಅಂತ ಕೇಳುತ್ತಿದ್ದ. ಪಾರಮ್ಮ ಎದ್ದಳು. ಹುಡುಗನನ್ನು ಇಸಿದುಕೊಂಡಳು. ಇಷ್ಟು ವರ್ಷ ಯಾವುದಕ್ಕೆ ಕೇಳಿಸಬಾರದು ಅಂತ ಬಾಯಿ ಕಟ್ಟಿದ್ದಳೋ, ಆ ಸಾವು ಆಗಲೇ ಮನೆಯ ಮುಂದೆ ಬಂದು ಕೂತಿತ್ತು. ಮುಚ್ಚಿಡಲಿಕ್ಕೆ ಇನ್ನೇನೂ ಇರಲಿಲ್ಲ.

“ಇವನು ನನ್ನ ಮಗ” ಅಂದಳು. “ಗಾಳೆಪ್ಪನ ಮಗ. ನಾ ಹೆತ್ತೀನಿ, ಇವನಕ್ಕ ಉಳಿಸ್ಯಾಳ. ಯಾರು ಕೇಳಿಸಿಕೊಳ್ಳಬೇಕೋ ಕೇಳಿಸಿಕೊಳ್ರಿ.”

ಗಂಡನ ಹೆಸರನ್ನು ಅವಳು ಬಾಯಿಂದ ಅಂದದ್ದು ಅದೇ ಮೊದಲು. ಜಡೆಪ್ಪ ಮತ್ತೆ ಏನೋ ಅಂದ. ಪಾರಮ್ಮ ಅವನ ಕಡೆ ನೋಡಲೂ ಇಲ್ಲ. ಹಮಾಲರು ಮುಂದೆ ಬಂದು ಹೆಗಲು ಕೊಟ್ಟರು. ಅವರು ಎತ್ತಿದ ಮೇಲೆ ಮಾತು ನಿಂತಿತು.

ಕುಣಿಯ ಹತ್ತಿರ ಹೆಂಗಸರು ಹೋಗುವುದಿಲ್ಲ. ಪಾರಮ್ಮ ಹೋದಳು. ತಿಪ್ಪಣ್ಣನ ಅಂಗೈಯಲ್ಲಿ ಮಣ್ಣು ಇಟ್ಟು, ಮೇಲೆ ತನ್ನ ಕೈ ಮುಚ್ಚಿ, ಹಾಕಿಸಿದಳು. ಅಪ್ಪನಿಗೆ ಕಣ್ಣಲ್ಲಿ ಬೀಳುತ್ತದೆ ಅಂದ ಹುಡುಗ. ಬೀಳಲಿ ಅಂದಳು.

ಎಲ್ಲ ಮುಗಿದು ಜನ ತಿರುಗಿದರು. ತಿಪ್ಪಣ್ಣನಿಗೆ ಕಾಲು ಸೋತಿತ್ತು. ಅವಳ ಸೀರೆ ಹಿಡಿದು ಜಗ್ಗಿದ.

“ಚಿಕ್ಕೀ, ಎತ್ಕೋ.”

“ಅವ್ವಾ ಅನ್ನು.”

ಹುಡುಗ ಅಕ್ಕನ ಮುಖ ನೋಡಿದ. ಎಲ್ಲಮ್ಮ ಹೂಂ ಅಂದಳು. ಅವನು ಮತ್ತೆ ಪಾರಮ್ಮನ ಕಡೆ ನೋಡಿದ.

“ಅವ್ವಾ, ಎತ್ಕೋ. ಅಪ್ಪ ಎತ್ಕೋತಿದ್ನಲ್ಲ, ಹಂಗ.”

ಪಾರಮ್ಮ ಸೆರಗನ್ನು ಸೊಂಟಕ್ಕೆ ಬಿಗಿದಳು. ಅವನನ್ನು ಎತ್ತಿ ಹೆಗಲ ಮೇಲೆ ಕೂಡಿಸಿಕೊಂಡಳು. ಹೆಂಗಸರು ಹಾಗೆ ಕೂಡಿಸಿಕೊಳ್ಳುವುದಿಲ್ಲ. ಜಡೆಪ್ಪನೂ ಉಳಿದವರೂ ದಾರಿಯ ಬದಿಯಲ್ಲಿ ನಿಂತಿದ್ದರು. ಅವಳು ಅವರ ಎದುರಿಗೇ ನಡೆದು ಹೋದಳು, ಎಲ್ಲಮ್ಮ ಪಕ್ಕದಲ್ಲಿ.